ರಾಜಿ ಯಾರ ಜಗಲಿಯಲ್ಲಿ?

ದಬ್ಬೇಘಟ್ಟ ಹೋಬಳಿಯ ಕಡೆ ‘ಆ ಊರು ಎರಡಾಗಿದೆ’ ಎಂದರೆ ಯಾರೂ ಬಿಡಿಸಿ ಹೇಳಿ ಎನ್ನುವುದಿಲ್ಲ. ಜಾತ್ರೆಯಲ್ಲಿ ಮೊದಲ ಮರ್ಯಾದೆ ಯಾರಿಗೆ ಎಂಬಲ್ಲಿಂದ ಶುರುವಾಗಿರಬಹುದು, ಬದುವಿನ ಮೇಲಿನ ತೆಂಗಿನ ಮರದ ಕಾಯಿ ಯಾರದು ಎಂಬಲ್ಲಿಂದಲೂ ಇರಬಹುದು. ಗ್ರಾಮ ಪಂಚಾಯಿತಿ ಚುನಾವಣೆ ಬರುವ ಹೊತ್ತಿಗೆ ಎರಡೂ ಸೇರಿ ಒಂದೇ ಜಗಳವಾಗಿರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಹುಡುಗ ಹುಡುಗಿಯರು ಇದನ್ನೆಲ್ಲ ಕಂಡೇ ಕಾಲೇಜಿಗೆ ಬರುತ್ತಾರೆ. ಅಲ್ಲಿ ಸಾಹಿತ್ಯದ ತರಗತಿಯಲ್ಲಿ ಮಾತ್ರ ಹಳ್ಳಿ ಎಂದರೆ ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ. ಜಗಳ ಹೇಗೆ ನಿಲ್ಲುತ್ತದೆ, ನಿಂತ ಮೇಲೆ ಯಾರು ಏನನ್ನು ನುಂಗಿಕೊಂಡು ಬದುಕುತ್ತಾರೆ ಎಂಬ ಪ್ರಶ್ನೆ ಪರೀಕ್ಷೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ತಪ್ಪು ಮೇಷ್ಟರುಗಳದ್ದಷ್ಟೇ ಅಲ್ಲ. ನಮ್ಮ ದೊಡ್ಡ ಕಾದಂಬರಿಗಳು ಊರಿನ ಒಡಕನ್ನು ಒಬ್ಬನ ಅಂತರಂಗಕ್ಕೆ ಸಾಗಿಸಿಬಿಡುತ್ತವೆ. ಅನಂತಮೂರ್ತಿಯವರ ‘ಭಾರತೀಪುರ’ದಲ್ಲಿ (1973) ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಟ ಜಗನ್ನಾಥನ ಒಳತೋಟಿ ನಮಗೆ ಚೆನ್ನಾಗಿ ಗೊತ್ತಾಗುತ್ತದೆ. ಊರಿನವರು ಒಂದೆಡೆ ಕೂತು, ಒಬ್ಬರ ಮುಖ ಒಬ್ಬರು ನೋಡಿ, ‘ಆಗಲಿ’ ಎಂದೋ ‘ಆಗದು’ ಎಂದೋ ಹೇಳುವ ಕಷ್ಟ ಅಷ್ಟು ಗೊತ್ತಾಗುವುದಿಲ್ಲ.

ಆ ಕಷ್ಟವನ್ನು ನೋಡಬೇಕೆಂದರೆ ಕಾದಂಬರಿಯಲ್ಲದ ಒಂದು ಪುಸ್ತಕಕ್ಕೆ ಹೋಗಬೇಕು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಆ ಊರಿಗೆ ಅವರಿಟ್ಟ ಹೆಸರು ರಾಂಪುರ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಸ್ಥೆಗೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ ಎಷ್ಟೋ ವರ್ಷ ಕೂತು ಸಿದ್ಧಪಡಿಸಿದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದು ಗೆಳೆಯರಾದ ಸೋಲ್ ಟ್ಯಾಕ್ಸ್ ಹುರಿದುಂಬಿಸಿದರು. ಹಾಗೆ ಬಂದದ್ದು ‘ದಿ ರಿಮೆಂಬರ್ಡ್ ವಿಲೇಜ್’ (1976). ಬೆಂಕಿ ಸಮಾಜಶಾಸ್ತ್ರಕ್ಕೆ ಮಾಡಿದ ನಷ್ಟದಲ್ಲಿ ಸಾಹಿತ್ಯಕ್ಕೆ ಒಂದಿಷ್ಟು ಲಾಭವಾಯಿತು ಎಂದೇ ನನ್ನ ಎಣಿಕೆ. ಕೋಷ್ಟಕಗಳು ಹೋಗಿ ಮನುಷ್ಯರು ಉಳಿದರು: ಊರ ಪಟೇಲ, ನಾಡುಗೌಡ, ಎಲ್ಲ ಸುದ್ದಿಯನ್ನೂ ಹೊತ್ತು ತರುವ ಕುಳ್ಳೇಗೌಡ.

ಪುಸ್ತಕದ ಜೀವ ಇರುವುದು ಜಗಳಗಳಲ್ಲಿ. ಪಾಲು ಕೇಳುವ ತಮ್ಮ, ಕೊಟ್ಟ ಸಾಲ ಮರೆಯದವನು, ಮಾತಿನ ಮೇಲೆ ಮಾತು ಬೆಳೆದು ಕೈ ಎತ್ತಿದವನು, ಎಲ್ಲರೂ ಕೊನೆಗೆ ಬಂದು ಸೇರುವುದು ಪಟೇಲರ ಮನೆಯ ಜಗಲಿಗೆ. ಪಟೇಲ ಮತ್ತು ನಾಡುಗೌಡ ಇಬ್ಬರೂ ದೊಡ್ಡ ಕುಳಗಳು, ಎರಡು ಬಣಗಳಿಗೆ ತಲೆಯಾಗಬಹುದಾದವರು. ಇಬ್ಬರ ಗೆಳೆತನ ಗಟ್ಟಿಯಿದ್ದದ್ದರಿಂದ ಊರು ಒಡೆಯದೆ ನಿಂತಿತ್ತು ಎಂಬುದನ್ನು ಶ್ರೀನಿವಾಸ್ ಸೂಕ್ಷ್ಮವಾಗಿ ಗುರುತಿಸುತ್ತಾರೆ. ಶಾಂತಿ ಎಂಬುದು ಕೆಲವೊಮ್ಮೆ ಇಬ್ಬರು ಮುದುಕರ ಸ್ನೇಹದಷ್ಟು ತೆಳುವಾದದ್ದು.

ಈ ಕಣ್ಣು ಅವರಿಗೆ ಎಲ್ಲಿಂದ ಬಂತು? ಒಂದು ಉತ್ತರ ಆಫ್ರಿಕಾದಲ್ಲಿದೆ. ಆಕ್ಸ್‌ಫರ್ಡ್‌ನಲ್ಲಿ ಶ್ರೀನಿವಾಸರ ಗುರುಗಳಲ್ಲಿ ಒಬ್ಬರು ಇವಾನ್ಸ್-ಪ್ರಿಚರ್ಡ್. ಇಂದಿನ ದಕ್ಷಿಣ ಸುಡಾನಿನ ದನಗಾಹಿಗಳಾದ ನುಯೆರ್ ಜನರ ಮೇಲೆ 1940ರಲ್ಲಿ ಅವರು ಬರೆದ ಪುಸ್ತಕ ಆ ಕಾಲದ ವಿದ್ಯಾರ್ಥಿಗಳಿಗೆ ಪಾಠಪುಸ್ತಕದಂತಿತ್ತು. ಅದರಲ್ಲಿ ಬರುವ ‘ಪ್ರಬಲ ಕುಲ’ದ ನೆರಳು ಶ್ರೀನಿವಾಸರ ಪ್ರಸಿದ್ಧ ‘ಪ್ರಬಲ ಜಾತಿ’ಯ ಕಲ್ಪನೆಯ ಮೇಲೆ ಬಿದ್ದಿದೆ. ನುಯೆರರಲ್ಲಿ ಕೊಲೆಯಾದರೆ ಕೊಂದವನು ಚಿರತೆಚರ್ಮ ಹೊದ್ದ ಒಬ್ಬ ಹಿರಿಯನ ಮನೆಗೆ ಓಡುತ್ತಾನೆ. ಆ ಹಿರಿಯನಿಗೆ ಪೊಲೀಸಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಇಷ್ಟು ದನ ಕೊಡಿಸುತ್ತೇನೆ, ರಾಜಿಯಾಗಿ ಎಂದು ಸತ್ತವನ ಮನೆಯವರನ್ನು ಕೇಳಿಕೊಳ್ಳುತ್ತಾನೆ. ಅವರು ಮೊದಲು ಒಪ್ಪಬಾರದು. ಒಪ್ಪಿಕೊಳ್ಳುವ ಮನಸ್ಸಿದ್ದರೂ ಒಪ್ಪಬಾರದು. ಹಿರಿಯ ಶಾಪ ಹಾಕುವೆನೆಂದು ಗದರಿದ ಮೇಲೆ, ‘ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟು’ ಎಂದು ಇಳಿಯಬೇಕು. ಪಂಚಾಯ್ತಿಗೆ ಕರೆದರೂ ಬಾರದೆ, ಎರಡು ಸಲ ಹೇಳಿ ಕಳಿಸಿದ ಮೇಲೆ ಟವೆಲ್ ಕೊಡವಿಕೊಂಡು ಬರುವ ನಮ್ಮ ಯಜಮಾನರನ್ನು ನೋಡಿದವರಿಗೆ ಇದು ದೂರದ ದೇಶವೆನಿಸದು.

ಇದೇ ಸಾಮಗ್ರಿಯಿಂದ ಮ್ಯಾಕ್ಸ್ ಗ್ಲಕ್‌ಮನ್ ಎಂಬ ಇನ್ನೊಬ್ಬ ವಿದ್ವಾಂಸ 1955ರ ‘ಕಸ್ಟಮ್ ಅಂಡ್ ಕಾನ್‌ಫ್ಲಿಕ್ಟ್ ಇನ್ ಆಫ್ರಿಕಾ’ದಲ್ಲಿ ಒಂದು ವಾದ ಕಟ್ಟಿದ. ಜಗಳದೊಳಗೇ ಶಾಂತಿ ಇದೆ. ಒಂದು ವಿಷಯದಲ್ಲಿ ವೈರಿಗಳಾದವರು ಇನ್ನೊಂದರಲ್ಲಿ ನೆಂಟರಾಗಿರುತ್ತಾರೆ, ಆ ಅಡ್ಡ ನಂಟುಗಳೇ ಕೈ ಹಿಡಿದು ನಿಲ್ಲಿಸುತ್ತವೆ ಎಂದು. ತೆಂಗಿನ ಸೀಮೆಯಲ್ಲಿ ಇದಕ್ಕೆ ಪುರಾವೆ ಹುಡುಕಬೇಕಿಲ್ಲ. ಎದುರು ಬಣದ ಮನೆಗೇ ಮಗಳನ್ನು ಕೊಟ್ಟಿರುತ್ತಾರೆ. ತೋಟಕ್ಕೆ ನೀರು ಬರುವುದು ಅವರ ಬದುವಿನ ಮೇಲಿಂದಲೇ. ಎಷ್ಟು ದಿನ ಮಾತು ಬಿಟ್ಟಾರು!

ಆದರೆ ವಾದ ತಡವರಿಸುವುದೂ ಇದೇ ತೋಟದಲ್ಲಿ. ಕಾಯಿ ಅಟ್ಟ ಸೇರಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಕಾಯುವ ಶಕ್ತಿ ಇರುವುದು ಅಟ್ಟ ಇರುವವನಿಗೆ. ಕಾಯಿ ಕೆಡವುವವನಿಗೆ, ಸುಲಿಯುವವನಿಗೆ ಅವತ್ತಿನ ಕೂಲಿ ಅವತ್ತೇ ಆಗಬೇಕು. ಇವರಿಬ್ಬರ ನಡುವೆ ನಂಟು ಇದೆ ನಿಜ, ಆದರೆ ಅದು ಒಂದೇ ಕಡೆಗೆ ಜಗ್ಗುವ ಹಗ್ಗ. ಹೆಣ್ಣು ಕೊಟ್ಟು ತರುವ ನಂಟು ಜಾತಿಯೊಳಗೇ ನಿಲ್ಲುತ್ತದೆ. ಗ್ಲಕ್‌ಮನ್ ಹೇಳಿದ ಶಾಂತಿ ಸರೀಕರ ನಡುವಿನದು; ಗೌಡರ ಎರಡು ಮನೆಗಳಿಗೆ ಹೊಂದುತ್ತದೆ, ಗೌಡರ ಮನೆಗೂ ಹಟ್ಟಿಗೂ ಹೊಂದುವುದಿಲ್ಲ.

ಶ್ರೀನಿವಾಸರ ಪುಸ್ತಕದ ಮಿತಿಯೂ ಇಲ್ಲಿದೆ. ಅವರು ಇಳಿದುಕೊಂಡದ್ದು ಪಟೇಲರಿಗೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ. ಪಟೇಲರ ಅತಿಥಿಯಾಗಿದ್ದು ತಾನು ಏನನ್ನು ನೋಡಲಾಗಲಿಲ್ಲ ಎಂಬುದನ್ನು ಅವರೇ ಮುಚ್ಚಿಡದೆ ಹೇಳುತ್ತಾರೆ, ಅದು ಅವರ ದೊಡ್ಡತನ. ಆದರೂ ಜಗಲಿಯ ಮೇಲೆ ಕೂತವರ ಮಾತು ಕೇಳುವಷ್ಟು ಅಂಗಳದಲ್ಲಿ ದೂರ ನಿಂತವರ ಮಾತು ಪುಸ್ತಕದಲ್ಲಿ ಕೇಳುವುದಿಲ್ಲ. ಅವರು ರಾಂಪುರಕ್ಕೆ ಹೋದ ಅದೇ 1948ರ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನದ ಕರಡನ್ನು ಮಂಡಿಸುತ್ತ, ಹಳ್ಳಿಯನ್ನು ರಾಷ್ಟ್ರದ ಬುನಾದಿ ಮಾಡಬೇಕೆಂಬುವರನ್ನು ಕಟುವಾಗಿ ನಿರಾಕರಿಸಿದ್ದರು. ಅವರಿಗೆ ಹಳ್ಳಿ ಕಂಡದ್ದು ಅಜ್ಞಾನ ಮತ್ತು ಸಂಕುಚಿತತೆಯ ಗೂಡಾಗಿ. ಎರಡೂ ಒಂದೇ ವರ್ಷದ ಹಳ್ಳಿಯ ಚಿತ್ರಗಳು. ಜಗಲಿಯಿಂದ ಕಂಡದ್ದು ಒಂದು, ಅಂಗಳದಿಂದ ಕಂಡದ್ದು ಇನ್ನೊಂದು. 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನದ ಪ್ರವೇಶದ ವಿಚಾರಕ್ಕೆ ಮೂವರು ದಲಿತರ ಕೊಲೆಯಾಯಿತು. ಗಾಂಧಿ ಬಂದುಹೋದ ಊರು, ಖಾದಿ ನೇಯ್ದ ಊರು ಅದು. ಒಟ್ಟಿಗೆ ಬದುಕಿದ ಅಷ್ಟು ವರ್ಷಗಳ ಯಾವ ಅಡ್ಡ ನಂಟೂ ಅಂದು ಕೈ ಹಿಡಿಯಲಿಲ್ಲ.

ಇನ್ನು ಚಿನುವಾ ಅಚಿಬೆಯ ‘ಆ್ಯರೋ ಆಫ್ ಗಾಡ್’ (1964). ಈ ವಿಷಯದಲ್ಲಿ ನಾನು ಓದಿದ ಕಾದಂಬರಿಗಳಲ್ಲಿ ಇದಕ್ಕೆ ಮೊದಲ ಸ್ಥಾನ. ನೈಜೀರಿಯಾದ ಇಗ್ಬೋ ಸೀಮೆಯ ಉಮುವಾರೊ ಆರು ಹಳ್ಳಿಗಳ ಒಕ್ಕೂಟ. ಪಕ್ಕದ ಒಕ್ಪೆರಿಯೊಂದಿಗೆ ಜಮೀನಿನ ವ್ಯಾಜ್ಯ. ಮಾತಾಡಲು ಹೋದ ಉಮುವಾರೊದ ದೂತ ಸಿಟ್ಟಿಗೆದ್ದು ಅಲ್ಲಿನವನೊಬ್ಬನ ಪೂಜೆಯ ವಿಗ್ರಹವನ್ನೇ ಸೀಳುತ್ತಾನೆ, ಅವನನ್ನು ಕೊಲ್ಲುತ್ತಾರೆ, ಯುದ್ಧವಾಗುತ್ತದೆ. ಬಿಳಿ ಅಧಿಕಾರಿ ವಿಂಟರ್‌ಬಾಟಮ್ ಬಂದು ಯುದ್ಧ ನಿಲ್ಲಿಸಿ, ಬಂದೂಕುಗಳನ್ನೆಲ್ಲ ತರಿಸಿ ಮುರಿಸುತ್ತಾನೆ. ಉಲು ದೇವರ ಪೂಜಾರಿ ಎಝೆಉಲು ಜಮೀನು ಒಕ್ಪೆರಿಯದೇ ಎಂದು ಸತ್ಯ ಹೇಳುತ್ತಾನೆ. ಅಧಿಕಾರಿಯ ದೃಷ್ಟಿಯಲ್ಲಿ ಶಾಂತಿ ಸ್ಥಾಪನೆಯಾಯಿತು. ಊರೊಳಗೆ ಎಝೆಉಲು ಮತ್ತು ಶ್ರೀಮಂತ ನ್ವಾಕ ಎಂಬ ಎರಡು ಬಣಗಳು ಬೇರು ಬಿಟ್ಟವು.

ನಮ್ಮಲ್ಲಿ ಇದನ್ನು ವಸಾಹತುಶಾಹಿಯ ಕಥೆಯಾಗಿ ಓದಿ ಮುಗಿಸುವುದು ವಾಡಿಕೆ. ನನಗೆ ಮುಖ್ಯವೆನಿಸುವುದು ಕೊನೆಯ ಭಾಗದ ಒಂದು ಸಭೆ. ಸರ್ಕಾರ ಎಝೆಉಲುವನ್ನು ಕೂಡಿಹಾಕಿದ್ದರಿಂದ ಅವನು ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಂಡಾಗ ತಿನ್ನಬೇಕಿದ್ದ ಪವಿತ್ರ ಗೆಣಸುಗಳು ಉಳಿದುಬಿಟ್ಟಿವೆ. ಅವು ಮುಗಿಯದೆ ಸುಗ್ಗಿಯ ಹಬ್ಬ ಸಾರುವಂತಿಲ್ಲ, ಸಾರದೆ ಊರು ಬೆಳೆ ಕೀಳುವಂತಿಲ್ಲ. ಹಿರಿಯರು ಬಂದು, ಉಳಿದ ಗೆಣಸನ್ನು ತಿಂದುಬಿಡು, ದೇವರ ಶಿಕ್ಷೆ ನಮ್ಮ ತಲೆಯ ಮೇಲಿರಲಿ ಎನ್ನುತ್ತಾರೆ. ಅವರಲ್ಲಿ ಅವನಿಗೆ ಆಗದವರೂ ಇದ್ದಾರೆ. ಒಡೆದ ಊರೊಂದು ಪಾಪವನ್ನು ಹಂಚಿಕೊಳ್ಳಲು ಮುಂದೆ ಬರುವ ಗಳಿಗೆ ಅದು. ಎಝೆಉಲು ಒಪ್ಪುವುದಿಲ್ಲ, ಅವನಿಗೆ ಊರಿನ ಮೇಲೆ ಸೇಡಿದೆ, ಅದಕ್ಕೆ ದೇವರ ಹೆಸರೂ ಸಿಕ್ಕಿದೆ. ಹಸಿದ ಜನ ಮಿಷನರಿಗಳ ದೇವರ ಹೆಸರಿನಲ್ಲಿ ಬೆಳೆ ಕೀಳಲು ಹೋಗುತ್ತಾರೆ. ಅಚಿಬೆ ಯಾರನ್ನೂ ಖಳನಾಗಿಸುವುದಿಲ್ಲ. ಒಂದು ರಾಜಿ ಹೇಗೆ ಕೈತಪ್ಪಿತು ಎಂಬುದನ್ನು ಮಾತು ಮಾತಾಗಿ ಕೇಳಿಸುತ್ತಾನೆ. ‘ಭಾರತೀಪುರ’ದಲ್ಲಿ ನಾನು ಹುಡುಕಿ ಸಿಗದ ದೃಶ್ಯ ಇದು.

ನಮ್ಮ ಸೀಮೆಯಲ್ಲಿ ಅಂಥ ದೃಶ್ಯಕ್ಕೆ ಸಾಮಗ್ರಿ ಇಲ್ಲವೆಂದಲ್ಲ. ತಿಪಟೂರು, ಚನ್ನರಾಯಪಟ್ಟಣದ ಕಡೆಯ ಬದುಕಿನಿಂದ ಎದ್ದ ಭೈರಪ್ಪನವರ ‘ಗೃಹಭಂಗ’ದಲ್ಲಿ (1970) ಶಾನುಭೋಗಿಕೆ ಗಂಡನದು, ಲೆಕ್ಕ ಬರೆಯುವವಳು ನಂಜಮ್ಮ. ಊರಿನ ಲೆಕ್ಕವೆಲ್ಲ ಅವಳ ಕೈಯಲ್ಲಿದೆ, ಜಗಲಿಯ ಮೇಲೆ ಅವಳಿಗೆ ಜಾಗವಿಲ್ಲ. ಭೈರಪ್ಪನವರಿಗೆ ಅವಳ ಮನೆಯ ದುಃಖ ದೊಡ್ಡದಾಗಿ ಕಂಡಿತು, ಆ ಪುಸ್ತಕದ ಮಟ್ಟಿಗೆ ಅದು ಸರಿಯೇ.

ಇವತ್ತಿನ ರಾಜಿಯ ಹೊಸ ಹೆಸರು ‘ಅವಿರೋಧ ಆಯ್ಕೆ’. ಜಗಳ ಬೇಡ, ಚುನಾವಣೆಯ ಖರ್ಚು ಬೇಡ ಎಂದು ಹಿರಿಯರು ಕೂತು ಗ್ರಾಮ ಪಂಚಾಯಿತಿ ಸ್ಥಾನಗಳನ್ನು ಹಂಚುತ್ತಾರೆ. 2020ರ ಡಿಸೆಂಬರಿನ ಚುನಾವಣೆ ಹೊತ್ತಿಗೆ ರಾಜ್ಯದ ಹಲವೆಡೆ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಗಳು ಬಂದವು, ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಹರಾಜಿನ ದುಡ್ಡು ಸಾಮಾನ್ಯವಾಗಿ ಊರ ದೇವಸ್ಥಾನದ ಕೆಲಸಕ್ಕೆ ಎಂದು ಹೇಳುತ್ತಾರೆ. ಮೀಸಲು ಸ್ಥಾನಕ್ಕೆ ಯಾರು ನಿಲ್ಲಬೇಕೆಂಬುದೂ ಅದೇ ಜಗಲಿಯಲ್ಲಿ ತೀರ್ಮಾನವಾಗುವುದುಂಟು. ಊರು ಒಂದಾಗಿದೆ, ಗಲಾಟೆಯಿಲ್ಲ, ಪತ್ರಿಕೆಯಲ್ಲಿ ಹಾರ ಹಾಕಿಕೊಂಡವರ ಫೋಟೋ ಇರುತ್ತದೆ. ಆ ಫೋಟೋದಲ್ಲಿ ಹಟ್ಟಿಯಿಂದ ಬಂದ ಸದಸ್ಯೆ ಕೊನೆಯಲ್ಲಿ ನಿಂತಿರುತ್ತಾಳೆ. ಆ ದಿನದ ಮಾತುಕತೆಯಲ್ಲಿ ಅವಳು ಏನು ಹೇಳಿದಳು, ಅವಳನ್ನು ಕೇಳಿದವರಾದರೂ ಯಾರು ಎಂಬಲ್ಲಿಂದ ಶುರುವಾಗುವ ಕನ್ನಡ ಕಾದಂಬರಿಯನ್ನು ನಾನು ಇನ್ನೂ ಓದಿಲ್ಲ.