ಹೆಸರಿಲ್ಲದ ಗುಡ್ಡೆಗೂ ಸರ್ವೆ ನಂಬರ್ ಇದೆ

ಶೆಟ್ಟಿಹಳ್ಳಿ, ಅಬ್ಬಿಗೆರೆ, ಗಾಣಿಗರಹಳ್ಳಿ, ಮೇಡಿ ಅಗ್ರಹಾರ. ಬೆಂಗಳೂರು ಉತ್ತರದ ಈ ಊರುಗಳ ಹಳೆಯ ಮನೆತನದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡ್ತೀವಿ. ತಾತನ ಗುಡ್ಡೆ ಗೊತ್ತು, ಪೂಜೆ ಮಾಡ್ತೀವಿ. ತಾತನ ಅಪ್ಪನದು ಎಲ್ಲಿದೆ ಅಂತ ಹೇಳೋರು ಯಾರೂ ಉಳಿದಿಲ್ಲ. ಸ್ಮಶಾನದ ದಾಖಲೆ ಯಾವ ಆಫೀಸಲ್ಲಿ ಸಿಗುತ್ತೆ?”

ಸ್ಮಶಾನದ ದಾಖಲೆಯನ್ನು ಹುಡುಕಿಕೊಂಡು ಹೋಗಬೇಡಿ, ಜಮೀನಿನ ದಾಖಲೆ ಹಿಡಿಯಿರಿ ಎಂಬುದು ನನ್ನ ಉತ್ತರ. ಹಳೆ ಮೈಸೂರಿನ ಒಕ್ಕಲು ಮನೆತನಗಳು ತಮ್ಮವರನ್ನು ಸ್ವಂತ ಹೊಲದ ಬದುವಿನಲ್ಲೋ ತೋಟದ ಮೂಲೆಯಲ್ಲೋ ಮಣ್ಣು ಮಾಡುತ್ತ ಬಂದವು. ಅಲ್ಲಿ ಕಾವಲುಗಾರನಿಲ್ಲ, ಪುಸ್ತಕವಿಲ್ಲ, ರಸೀದಿಯಿಲ್ಲ. ತಲೆಯ ಕಡೆ ಒಂದು ಕಾಡುಗಲ್ಲು ನೆಟ್ಟರೆ ಮುಗಿಯಿತು. ಇಂಗ್ಲೆಂಡಿನಲ್ಲಿ 1538ರಲ್ಲೇ ಪ್ರತಿ ಚರ್ಚೂ ಜ್ಞಾನಸ್ನಾನ, ಮದುವೆ, ಮಣ್ಣು ಮಾಡಿದ್ದು ಮೂರನ್ನೂ ಬರೆದಿಡಬೇಕೆಂದು ಆಜ್ಞೆಯಾಯಿತು. ಅಲ್ಲಿನವರು ಹೆಸರು ಹಿಡಿದು ಹೊರಟರೆ ಗೋರಿ ತಲುಪುತ್ತಾರೆ. ನಮ್ಮ ಗುಡ್ಡೆಗೆ ಹೆಸರಿಲ್ಲ, ಆದರೆ ಅದು ಇರುವ ನೆಲಕ್ಕೆ ನಂಬರ್ ಇದೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅಂದಿನಿಂದ ಈಚೆಗೆ ಮಣ್ಣಾದ ಹಿರಿಯರನ್ನು ಹುಡುಕುವ ದಾರಿ ಆ ನಂಬರಿನಿಂದ ಶುರುವಾಗುತ್ತದೆ.

ಮರಣ ಪ್ರಮಾಣಪತ್ರದಿಂದ ಶುರು ಮಾಡುವವರು ಬೇಗ ಗೋಡೆಗೆ ಮುಟ್ಟುತ್ತಾರೆ. ಜನನ ಮರಣ ನೋಂದಣಿ ಕಾಯ್ದೆ 1969ರದು, ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಪಟೇಲರು ಜನನ ಮರಣ ಬರೆದಿಡುತ್ತಿದ್ದರು. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಯಾಗಿ ಪಟೇಲಿಕೆ, ಶಾನುಭೋಗಿಕೆ ಮುಗಿದವು. ಆ ಪುಸ್ತಕಗಳು ಎಲ್ಲ ಊರಲ್ಲೂ ಉಳಿದಿಲ್ಲ. ಇಂದಿನ ಮರಣ ನೋಂದಣಿಯಲ್ಲೂ ಒಂದು ಕೊರತೆಯಿದೆ: ಸತ್ತ ಜಾಗ ಬರೆಯುತ್ತಾರೆ, ಮಣ್ಣು ಮಾಡಿದ ಜಾಗ ಬರೆಯುವುದಿಲ್ಲ.

ಹಾಗಾಗಿ ಮೊದಲು ಪೌತಿ ಖಾತೆ ನೋಡಿ. ಖಾತೆದಾರ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಬಂದಾಗ ಮ್ಯುಟೇಷನ್ ರಿಜಿಸ್ಟರಿನಲ್ಲಿ ಒಂದು ನಮೂದು ಬೀಳುತ್ತದೆ. ಇಂಥವರು ಮೃತರಾದ್ದರಿಂದ ವಾರಸುದಾರರಾದ ಇಂಥವರಿಗೆ ಎಂದು ಅದರಲ್ಲಿ ಬರೆದಿರುತ್ತದೆ. ಸತ್ತ ಎಷ್ಟೋ ವರ್ಷದ ಮೇಲೆ ಖಾತೆ ಮಾಡಿಸಿದ ಮನೆಗಳೂ ಉಂಟು. ಆದ್ದರಿಂದ ಆ ತಾರೀಕಿಗಿಂತ ಹಿಂದೆಯೇ ಸಾವು ಆಗಿದೆ ಎಂದಷ್ಟೇ ತಿಳಿಯಿರಿ. ಅಲ್ಲಿಂದ ಹಿಂದಕ್ಕೆ ಹೋಗಲು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಇವೆ. ತಾಲ್ಲೂಕು ಕಚೇರಿಯಲ್ಲಿ ಐ.ಎಲ್., ಆರ್.ಆರ್. ಎಂದು ಕೇಳಿದರೆ ಅರ್ಥವಾಗುತ್ತದೆ. ಅರ್ಜಿಯಲ್ಲಿ ಶೆಟ್ಟಿಹಳ್ಳಿ ಎಂದಷ್ಟೇ ಬರೆಯಬೇಡಿ. ಪಕ್ಕದಲ್ಲೇ ಸೋಮಶೆಟ್ಟಿಹಳ್ಳಿ ಇದೆ. ಹಾಸನದ ಕಡೆಯೂ ಶೆಟ್ಟಿಹಳ್ಳಿ ಇದೆ. ಯಶವಂತಪುರ ಹೋಬಳಿ, ಬೆಂಗಳೂರು ಉತ್ತರ ತಾಲ್ಲೂಕು ಎಂದು ಬಿಡಿಸಿ ಬರೆಯಿರಿ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸವನ್ನು ಕಂದಾಯ ಇಲಾಖೆ ಕೈಗೆತ್ತಿಕೊಂಡಿದೆ. ಮುಟ್ಟಿದರೆ ಪುಡಿಯಾಗುವ ಹಾಳೆಗಳ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

ಎರಡನೆಯದು ಪಾಲುಪಟ್ಟಿ. ನನ್ನ ಮಟ್ಟಿಗೆ ಈ ಹುಡುಕಾಟದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕಾಗದ ಇದೇ. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಾಗ ಹಿರಿಯರ ಸಮಾಧಿ ಇರುವ ಜಾಗವನ್ನು ಯಾರ ಪಾಲಿಗೂ ಹಾಕದೆ, ಎಲ್ಲರೂ ಪೂಜೆಗೆ ಹೋಗಿಬರಲು ಓಡಾಡುವ ದಾರಿ ಬಿಟ್ಟು ಬರೆಸಿದ ಪತ್ರಗಳು ಎಷ್ಟೋ ಇವೆ. ಕ್ರಯಪತ್ರದ ಚಕ್ಕುಬಂದಿಯಲ್ಲೂ ಕಣ್ಣಾಡಿಸಿ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಜಮೀನು ಎಂಬ ಸಾಲುಗಳ ನಡುವೆ ಒಮ್ಮೊಮ್ಮೆ ಸಮಾಧಿಯೂ ಎಲ್ಲೆಯಾಗಿ ಬರುತ್ತದೆ. ಪಾಲುಪಟ್ಟಿ ನೋಂದಣಿಯಾಗಿಲ್ಲದಿದ್ದರೂ ಎಸೆಯಬೇಡಿ. ಕೋರ್ಟಿನಲ್ಲಿ ಅದರ ಬೆಲೆ ಏನೇ ಇರಲಿ, ಗುಡ್ಡೆ ಹುಡುಕಲು ಅದು ಸಾಕು.

ಮೂರನೆಯದು ನೆಲದ ಮೇಲೆ ಗುರುತು ಹಿಡಿಯುವುದು. ಸರ್ವೆ ಇಲಾಖೆಯಿಂದ ಗ್ರಾಮ ನಕಾಶೆ ಮತ್ತು ನಿಮ್ಮ ನಂಬರಿನ ಟಿಪ್ಪಣಿಯ, ಅಂದರೆ ಅಳತೆಯ ಹಾಳೆಯ, ನಕಲು ಪಡೆಯಿರಿ. ಟಿಪ್ಪಣಿಯ ಅಳತೆ ಸರಪಳಿ, ಆಣೆಯಲ್ಲಿರುತ್ತದೆ. ಒಂದು ಸರಪಳಿಗೆ 33 ಅಡಿ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಲೆಕ್ಕ ಇಷ್ಟು ಸರಳ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಆ್ಯಪ್ ಮೊಬೈಲಿನಲ್ಲಿದ್ದರೆ ಹೊಲ ಹೋಗಿ ರಸ್ತೆ, ಮನೆಗಳಾದ ಕಡೆಯೂ ಹಳೆಯ ನಂಬರಿನ ಒಳಗಿದ್ದೀರೋ ಹೊರಗಿದ್ದೀರೋ ಸುಮಾರಾಗಿ ಗೊತ್ತಾಗುತ್ತದೆ. ಆಮೇಲೆ ಬೇಕಾದದ್ದು ಊರಿನ ವಯಸ್ಸಾದವರೊಬ್ಬರ ಜೊತೆ ಆ ಜಾಗದಲ್ಲಿ ನಡೆಯುವುದು. ಬಾವಿ ಎಲ್ಲಿತ್ತು, ಕಣ ಎಲ್ಲಿತ್ತು, ಹುಣಸೆಮರ ಯಾವ ಕಡೆ ಎಂದು ಕೇಳುತ್ತ ಹೋದರೆ ಗುಡ್ಡೆಯ ಮಾತು ತಾನಾಗಿ ಬರುತ್ತದೆ.

ಎಲ್ಲರಿಗೂ ಸ್ವಂತ ಹೊಲ ಇರಲಿಲ್ಲ. ಭೂಮಿ ಇಲ್ಲದ ಮನೆಗಳು, ಅದರಲ್ಲೂ ದಲಿತ ಕುಟುಂಬಗಳು, ಊರಾಚೆಯ ಸ್ಮಶಾನದಲ್ಲೋ ಕೆರೆಯಂಗಳದಲ್ಲೋ ಹಳ್ಳದ ದಂಡೆಯಲ್ಲೋ ಹೂಳಬೇಕಾಗಿತ್ತು. ಕಂದಾಯ ಲೆಕ್ಕದಲ್ಲಿ ಅಂಥ ಸಾರ್ವಜನಿಕ ಜಾಗ ‘ಬಿ’ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆಂದು ಸಾಗುವಳಿಯಿಂದ ಬಿಟ್ಟ ನೆಲದ ಲೆಕ್ಕದಲ್ಲಿ, ಸಿಗುತ್ತದೆ. ಪಹಣಿಯ ಖರಾಬು ಕಾಲಂ, ಸರ್ವೆ ನಂಬರಿನ ವಿಸ್ತೀರ್ಣ ಹೇಳುವ ಆಕಾರ್‌ಬಂದ್ ಎರಡನ್ನೂ ನೋಡಿ. ತೋಟಿ, ತಳವಾರ, ನೀರಗಂಟಿ ಚಾಕರಿ ಮಾಡಿದ ಮನೆತನದವರಿಗೆ ಇನ್ನೊಂದು ದಾರಿಯಿದೆ. ಗ್ರಾಮ ಹುದ್ದೆ ರದ್ದಾದ ಮೇಲೆ ಇನಾಂ ಜಮೀನನ್ನು ಅವರಿಗೇ ಮರುಮಂಜೂರು ಮಾಡಿದ ಕಡತಗಳಲ್ಲಿ ವಂಶವೃಕ್ಷಗಳು ಸೇರಿರುತ್ತವೆ. ಬೇರೆಲ್ಲೂ ಬರೆಯದ ಹೆಸರುಗಳು ಅಲ್ಲಿ ಸಿಗುತ್ತವೆ. ಪ್ರತಿ ಹಳ್ಳಿಗೂ ಸ್ಮಶಾನ ಜಾಗ ಕೊಡಬೇಕೆಂದು ಹೈಕೋರ್ಟ್ ಸರ್ಕಾರಕ್ಕೆ ಹೇಳಬೇಕಾಗಿ ಬಂದದ್ದು 2019ರಲ್ಲಿ. ಸತ್ತವರಿಗೆ ಮೂರು ಮೊಳ ನೆಲ ಸಿಗದ ಊರಲ್ಲಿ ದಾಖಲೆ ಸಿಗದಿರುವುದು ಆ ಅನ್ಯಾಯದ ಮುಂದುವರಿಕೆ.

ಇನ್ನು ಬರಹವಿರುವ ಕಲ್ಲು ಸಿಕ್ಕಿತೆನ್ನಿ. ಅದರಲ್ಲಿ ಇಸವಿ ಇರಬೇಕೆಂದೇನೂ ಇಲ್ಲ. ‘ಕಾಳಯುಕ್ತಿ ಸಂ॥ ಆಶ್ವೀಜ ಬ॥ ೧೦’ ಎಂದಿದ್ದರೆ ಕಾಳಯುಕ್ತಿ ಸಂವತ್ಸರದ ಆಶ್ವಯುಜ ಬಹುಳ ದಶಮಿ ಎಂದರ್ಥ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಕಾಳಯುಕ್ತಿ 1858ರಲ್ಲೂ ಬಂದಿತ್ತು, 1918ರಲ್ಲೂ ಬಂತು, 1978ರಲ್ಲೂ ಬಂತು. 1978ರದಾದರೆ ಮನೆಯಲ್ಲಿ ನೆನಪಿರುವವರು ಇದ್ದೇ ಇರುತ್ತಾರೆ. ನೆನಪಿಲ್ಲದಿದ್ದರೆ 1918 ನೋಡಿ. ಆ ವರ್ಷ ಆಶ್ವಯುಜ ಬಹುಳ ದಶಮಿ ಬಿದ್ದದ್ದು ಅಕ್ಟೋಬರ್ ಕೊನೆಯಲ್ಲಿ, ಇನ್‌ಫ್ಲುಯೆನ್ಸ ಮನೆಮನೆಯಲ್ಲೂ ಹೆಣ ಕೆಡವುತ್ತಿದ್ದ ದಿನಗಳಲ್ಲಿ. ಒಂದೇ ಹೊಲದಲ್ಲಿ ಒಂದೇ ಸಂವತ್ಸರದ ಮೂರು ನಾಲ್ಕು ಗುಡ್ಡೆಗಳಿದ್ದರೆ ಕಾರಣವನ್ನು ಅಲ್ಲಿ ಹುಡುಕಬೇಕು. ಶಾಲಿವಾಹನ ಶಕ ಬರೆದಿದ್ದರೆ 78 ಕೂಡಿಸಿದರೆ ಇಸವಿ ಬರುತ್ತದೆ.

ಎಳೆ ಕಡಿದುಹೋಗುವ ಕಾಲಗಳನ್ನೂ ತಿಳಿದಿರಬೇಕು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರವರೆಗೆ, ಮೈಸೂರು ಸಂಸ್ಥಾನ ಸುಮಾರು ಐದರಲ್ಲಿ ಒಂದು ಪಾಲು ಜನರನ್ನು ಕಳೆದುಕೊಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿತ್ತು. ದಾರಿಯಲ್ಲಿ ಬಿದ್ದವರಿಗೆ ಗುಡ್ಡೆ ಎಲ್ಲಿಂದ ಬರಬೇಕು? ವಿಳಂಬಿ ಸಂವತ್ಸರದಲ್ಲಿ, 1898ರ ಆಗಸ್ಟಿನಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬರ, ಪ್ಲೇಗ್, ಇನ್‌ಫ್ಲುಯೆನ್ಸ, ಈ ಮೂರು ಕಾಲದಲ್ಲಿ ತೀರಿಕೊಂಡ ಹಿರಿಯರ ಜಾಗ ಸಿಗದಿದ್ದರೆ ನಿಮ್ಮ ಹುಡುಕಾಟದಲ್ಲಿ ದೋಷವಿಲ್ಲ.

ಕಲ್ಲಿನ ಬರಹ ಎಷ್ಟು ಕಾಲ ಉಳಿಯುತ್ತದೆಂದು ತಿಳಿಯಲು, ಹಿರಿಯರ ಜಾಗ ಹುಡುಕುವ ಹವ್ಯಾಸದವರೆಲ್ಲ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ಒಮ್ಮೆ ನೋಡಬೇಕು. ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು 2018ರಲ್ಲಿ ಚರಂಡಿ ಅಗೆಯುವಾಗ ಮಣ್ಣಿನಿಂದ ಹೊರಬಂತು. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು. ವೀರಗಲ್ಲು ಗೋರಿಯ ಗುರುತಲ್ಲ, ಸತ್ತವನ ನೆನಪಿಗೆ ನಿಲ್ಲಿಸಿದ್ದು. ಆದರೂ 1,250 ವರ್ಷಕ್ಕೂ ಹಿಂದೆ ಹೊಡೆದಾಟದಲ್ಲಿ ಬಿದ್ದ ಒಬ್ಬ ಮನುಷ್ಯನ ಹೆಸರು ಇವತ್ತು ನಮ್ಮ ಬಾಯಲ್ಲಿ ಇರುವುದು ಯಾರೋ ಅದನ್ನು ಕಲ್ಲಿನಲ್ಲಿ ಕೊರೆದಿಟ್ಟದ್ದರಿಂದ. ಇಂಥ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನು 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಮಾಡುತ್ತಿದೆ. ನಿಮ್ಮ ಹೊಲದಲ್ಲಿ ಕೆತ್ತನೆಯ ಕಲ್ಲಿದ್ದರೆ ಅವರಿಗೆ ತಿಳಿಸಿ.

ಬೇರೆ ಮನೆತನಗಳಿಗೆ ಬೇರೆ ದಾರಿಗಳಿವೆ. ವೀರಶೈವ ಲಿಂಗಾಯತರಲ್ಲಿ ಕೂರಿಸಿ ಕ್ರಿಯಾಸಮಾಧಿ ಮಾಡುವುದರಿಂದ ಗುಡ್ಡೆಯ ಆಕಾರವೇ ಬೇರೆ. ಮಠದ ನಂಟು ಹಿಡಿದು ಹೋದರೆ ಸುಳಿವು ಸಿಗುತ್ತದೆ. ಕ್ಯಾಥೊಲಿಕ್ ಕ್ರೈಸ್ತರು ತಮ್ಮ ಚರ್ಚಿನ ಮರಣ ರಿಜಿಸ್ಟರ್ ಕೇಳಬೇಕು. ದಂಡಿನ ಪ್ರದೇಶದ ಹಳೆಯ ಇಂಗ್ಲಿಷ್, ಆಂಗ್ಲೋ ಇಂಡಿಯನ್ ಮನೆತನಗಳ ದಫನ್ ಪಟ್ಟಿಗಳು ಮದರಾಸಿನ ಲೆಕ್ಕದಲ್ಲಿ ಸೇರಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮುಸ್ಲಿಮರಿಗೆ ಖಬರಸ್ತಾನದ ಉಸ್ತುವಾರಿ ನೋಡುವ ಮಸೀದಿಯ ಕಮಿಟಿಯೇ ಮೊದಲ ಮೆಟ್ಟಿಲು. ದಹನ ಮಾಡುವ ಮನೆಗಳಲ್ಲಿ ತರ್ಪಣಕ್ಕೆ ಹೇಳುವ ಮೂರು ತಲೆಯ ಹೆಸರು ಮತ್ತು ಶ್ರಾದ್ಧದ ತಿಥಿಯೇ ದಾಖಲೆ.

ಇವೆಲ್ಲಕ್ಕೂ ಮೇಲೆ ಹೆಳವರಿದ್ದಾರೆ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸಿಕೊಂಡು ಸುಗ್ಗಿಯ ಹೊತ್ತಿಗೆ ಬರುತ್ತಿದ್ದ ಈ ಜನ ಒಕ್ಕಲು ಮನೆಗಳ ವಂಶಾವಳಿಯನ್ನು ತಲೆತಲಾಂತರದಿಂದ ಹೇಳಿಕೊಂಡು ಬಂದವರು. ಮನೆತನದ ಮೂಲ ಯಾವ ಊರು, ಅಲ್ಲಿಂದ ಯಾರು ಎದ್ದು ಬಂದರು ಎಂಬುದು ಅವರಿಗೆ ಗೊತ್ತು. ಮೂಲದ ಊರು ಗೊತ್ತಾದರೆ ಅದಕ್ಕೂ ಹಿಂದಿನ ಗುಡ್ಡೆಗಳನ್ನು ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ. ನಿಮ್ಮ ಮನೆಗೆ ಹೆಳವರು ಈಗಲೂ ಬರುತ್ತಿದ್ದರೆ ಕಾಳು, ದಕ್ಷಿಣೆ ಕೊಟ್ಟು ಗೌರವಿಸಿ, ಅವರು ಹೇಳುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಜಾಲಹಳ್ಳಿಗೆ ಬಂದಾಗಿನಿಂದ ಈ ಭಾಗದ ಹೊಲಗಳು ಕರಗುತ್ತಲೇ ಇವೆ. 2007ರಲ್ಲಿ ಬಿಬಿಎಂಪಿ ಆದ ಮೇಲೆ ಸೈಟುಗಳ ವೇಗ ಹೆಚ್ಚಿತು. ಪಕ್ಕದ ಮೇಡಿ ಅಗ್ರಹಾರ, ಗಾಣಿಗರಹಳ್ಳಿ, ಸೋಮಶೆಟ್ಟಿಹಳ್ಳಿ ಸೇರಿ 17 ಹಳ್ಳಿಗಳ 3,546 ಎಕರೆ ಡಾ. ಶಿವರಾಮ ಕಾರಂತ ಬಡಾವಣೆಗೆ ಗುರುತಾಯಿತು. 2008ರ ಆ ಅಧಿಸೂಚನೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಭೂಸ್ವಾಧೀನಕ್ಕೋ ಮಾರಾಟಕ್ಕೋ ಒಳಗಾಗುವ ಜಮೀನಿನಲ್ಲಿ ಸಮಾಧಿ ಇದ್ದರೆ ಮಹಜರಿನಲ್ಲಿ, ಕ್ರಯಪತ್ರದಲ್ಲಿ ಅದನ್ನು ಬರೆಸಿ. ಬುಲ್ಡೋಜರ್ ಬಂದ ಮೇಲೆ ಗುಡ್ಡೆಗೆ ಉಳಿಯುವುದು ಆ ಸಾಲು ಮಾತ್ರ. 2021ರ ಏಪ್ರಿಲ್‌ನಲ್ಲಿ ಕೋವಿಡ್ ಸಾವುಗಳಿಂದ ಮೇಡಿ ಅಗ್ರಹಾರದ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದಾಗ, ಸ್ವಂತ ಜಮೀನಿನಲ್ಲೇ ಅಂತ್ಯಸಂಸ್ಕಾರ ಮಾಡಲು ಸರ್ಕಾರ ಅನುಮತಿ ಕೊಟ್ಟಿತು. ಆಗ ಮಣ್ಣಾದವರ ಜಾಗವನ್ನೂ ಇಂದೇ ಬರೆದಿಡದಿದ್ದರೆ ಐವತ್ತು ವರ್ಷದ ಮೇಲೆ ಮೊಮ್ಮಕ್ಕಳು ಇದೇ ಪ್ರಶ್ನೆ ಕೇಳುತ್ತಾರೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಒಂದು ಹಾಳೆಯಲ್ಲಿ ಬರೆಯಿರಿ: ಹಿರಿಯರ ಹೆಸರು, ಸಂಬಂಧ, ತೀರಿಕೊಂಡ ವರ್ಷ ಅಥವಾ ಸಂವತ್ಸರ, ಸರ್ವೆ ನಂಬರ್, ಕದಲದ ಒಂದು ಗುರುತಿನಿಂದ ಎಷ್ಟು ಅಡಿ ಯಾವ ದಿಕ್ಕಿಗೆ, ಇದನ್ನು ಹೇಳಿದವರು ಯಾರು. ಅದರ ನಕಲನ್ನು ಎಲ್ಲ ದಾಯಾದಿಗಳ ಮನೆಗೂ ಕೊಡಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಮಹಾಲಯ ಅಮಾವಾಸ್ಯೆಯವರೆಗೆ ಕಾಯಬೇಡಿ. ಈ ಭಾನುವಾರವೇ ಅವರನ್ನು ಕರೆದುಕೊಂಡು ಹೋಗಿ, ಜಾಗ ತೋರಿಸಿ ಎಂದು ಕೇಳಿ.