ಕಾಳಿಯ ಕಲ್ಲಿನ ಮುಂದೆ ಅರ್ಧ ಗಂಟೆ

ಆನ್‌ಸೈಟ್ ಕೆಲಸಕ್ಕೆಂದು ಆಮ್‌ಸ್ಟರ್‌ಡ್ಯಾಮಿಗೆ ಹೋಗಿದ್ದ ಪಕ್ಕದ ಫ್ಲಾಟಿನ ಹುಡುಗ ಮೊನ್ನೆ ಲಿಫ್ಟಿನಲ್ಲಿ ಸಿಕ್ಕ. ‘ಅಂಕಲ್, ಅಲ್ಲಿ ಒಂದೇ ಮೈದಾನದ ಸುತ್ತ ಮೂರು ಮ್ಯೂಸಿಯಂ. ಒಂದೇ ದಿನದಲ್ಲಿ ಮೂರೂ ಮುಗಿಸಿಬಿಟ್ಟೆ’ ಎಂದ. ‘ರೆಂಬ್ರಾಂಟನ ನೈಟ್ ವಾಚ್ ಮುಂದೆ ಎಷ್ಟು ಹೊತ್ತು ನಿಂತಿದ್ದೆಪ್ಪಾ?’ ಅಂದೆ. ‘ಫೋಟೊ ತೆಗೆಯುವಷ್ಟು ಹೊತ್ತು’ ಎಂದು ನಕ್ಕ.

ಮ್ಯೂಸಿಯಂ ಮುಗಿಸುವಂಥದ್ದಲ್ಲ. ಒಂದು ಸಲಕ್ಕೆ ಒಂದೇ ವಸ್ತು ನೋಡಬೇಕು, ಅದರ ಮುಂದೆ ಕಾಲು ನೋಯುವಷ್ಟು ನಿಲ್ಲಬೇಕು. ನನ್ನದು ಇಷ್ಟೇ ಶಾಸ್ತ್ರ.

ಅದಕ್ಕೆ ವಿಮಾನ ಹತ್ತಬೇಕಿಲ್ಲ. 2023ರಿಂದ ಬೆಂಗಳೂರಿನ ನಮ್ಮ ಪಟ್ಟಂದೂರು ಅಗ್ರಹಾರಕ್ಕೂ ನೇರಳೆ ಮೆಟ್ರೊ ಬಂದಿದೆ. ಇಲ್ಲಿ ಹತ್ತಿದರೆ ನಡುವೆ ರೈಲು ಬದಲಿಸದೆ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ಅಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿ ಕಸ್ತೂರಬಾ ರಸ್ತೆ. ಮಕ್ಕಳಿಗೆ ಪ್ರಿಯವಾದ ವಿಶ್ವೇಶ್ವರಯ್ಯ ಮ್ಯೂಸಿಯಂ, ವೆಂಕಟಪ್ಪ ಚಿತ್ರಶಾಲೆ, 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಗ್ರಹಣದ ಮ್ಯೂಸಿಯಂ ‘ಮ್ಯಾಪ್’ ಎಲ್ಲ ಒಂದೇ ರಸ್ತೆಯಲ್ಲಿವೆ. ಇವುಗಳಿಗೆಲ್ಲ ಹಿರಿಯಣ್ಣ 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ, ಕೆಂಪು ಬಣ್ಣದ ಕಟ್ಟಡ.

ಅಲ್ಲಿ ನಾನು ಹುಡುಕಿಕೊಂಡು ಹೋಗುವುದು ಒಂದು ನಾಯಿಯನ್ನು. ಮಂಡ್ಯ ಸೀಮೆಯ ಆತಕೂರಿನಿಂದ ಬಂದ ಕಲ್ಲು ಅದು. ಒಂದು ನಾಯಿ, ಒಂದು ಹಂದಿ ಎದುರುಬದುರಾಗಿ ಸೆಣಸುತ್ತಿವೆ. ಶಿಲ್ಪಿ ಇಬ್ಬರಲ್ಲಿ ಯಾರನ್ನೂ ಗೆಲ್ಲಿಸಿಲ್ಲ. ಜೊತೆಗೆ ಹಳಗನ್ನಡದ ಅಕ್ಷರ. ಕತೆ ಇದು: ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನೂ ಗಂಗರ ಬೂತುಗನೂ ಕೂಡಿ ಚೋಳರನ್ನು ಸೋಲಿಸಿದರು, ಚೋಳ ರಾಜಾದಿತ್ಯ ಅಲ್ಲೇ ಮಡಿದ. ಬೂತುಗನ ಬಂಟ ಮಣಲೆರನ ಪರಾಕ್ರಮಕ್ಕೆ ಅರಸ ಮೆಚ್ಚಿ, ಬೇಕಾದ್ದು ಕೇಳು ಎಂದ. ಆತ ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ! ಮುಂದೊಂದು ದಿನ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿ ಗೊರವನಿಗೆ ಪಾಪ ತಟ್ಟುವುದೆಂಬ ಎಚ್ಚರಿಕೆ ಬೇರೆ! ಕಾಲ ಶಕ 872, ಅಂದರೆ ಕ್ರಿ.ಶ. 949–50.

ಕಾಳಗದ ಸುದ್ದಿಗಾಗಿ ಇತಿಹಾಸಕಾರರು ಈ ಕಲ್ಲನ್ನು ಓದುತ್ತಾರೆ. ಮಣಲೆರನ ಲೆಕ್ಕದಲ್ಲಿ ಮಾತ್ರ ಅರಸರ ಕಾಳಗ ಬರೀ ಪೀಠಿಕೆ. ಎರಡು ನಿಮಿಷದ ನೋಟಕ್ಕೆ ಅದು ತಿಳಿಯುವುದಿಲ್ಲ.

ಹಿಂದಿರುಗಿ ಪಟ್ಟಂದೂರಿನಲ್ಲಿ ಇಳಿಯುವಾಗ ಚೋಳರು ಮತ್ತೆ ನೆನಪಾಗುತ್ತಾರೆ. ತಕ್ಕೋಲದಲ್ಲಿ ಸೋತವರು ನೂರು ವರ್ಷ ತುಂಬುವುದರೊಳಗೆ ಈ ನೆಲಕ್ಕೇ ಒಡೆಯರಾದರು. ರಾಜೇಂದ್ರ ಚೋಳನ ಕಾಲದ, 1043ರ ಕಾಡುಗೋಡಿಯ ತಮಿಳು ಶಾಸನ ಪಟ್ಟಂದೂರಿನ ಕೆರೆ ತೋಡಿಸಿದ ಸಂಗತಿ ಹೇಳುತ್ತದೆ. ದಿನಾ ಮೆಟ್ರೊ ಫಲಕದಲ್ಲಿ ಓದುವ ಹೆಸರು!

ಈ ಭಾನುವಾರ ಹುಡುಗನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ನೀವೂ ಹೋಗುವುದಾದರೆ ಬಾಗಿಲು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಅವನಿಗೆ ಹಾಕಿರುವ ಷರತ್ತು ಒಂದೇ: ಅರ್ಧ ಗಂಟೆ ಕಳೆಯುವವರೆಗೆ ಫೋನು ನನ್ನ ಜೇಬಿನಲ್ಲಿ.