ತಾಂತ್ರಿಕ ಬರವಣಿಗೆ ಮತ್ತು ಸಂಶಯದ ಹೊಣೆ

ನ್ಯಾಯದರ್ಶನವು ಹೇಳುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ನಂತರ ಮೂರನೆಯ ಸ್ಥಾನ ಸಂಶಯದ್ದು. ಅಲ್ಲಿ ಸಂಶಯವೆಂದರೆ ನಿರಾಕರಣೆಯಲ್ಲ. ನಿರ್ಣಯದತ್ತ ಸಾಗುವ ವಿಚಾರಕ್ಕೆ ಅದೇ ಪ್ರೇರಣೆ. ತಾಂತ್ರಿಕ ಬರವಣಿಗೆಯ ಚರ್ಚೆಯಲ್ಲಿ ಮಾತ್ರ ಈ ಗುಣಕ್ಕೆ ತಕ್ಕ ಮನ್ನಣೆ ದೊರೆತಿಲ್ಲ. ಕೈಪಿಡಿಯ ಲೇಖಕನಿಂದ ಸ್ಪಷ್ಟತೆ, ಸಂಕ್ಷಿಪ್ತತೆಗಳನ್ನು ನಿರೀಕ್ಷಿಸಲಾಗುತ್ತದೆ. ತಜ್ಞನು ಕೊಟ್ಟ ಮಾಹಿತಿಯನ್ನು ಅವನು ಪ್ರಶ್ನಿಸಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ.

ಈ ಕೊರತೆಯ ಗಾಂಭೀರ್ಯವನ್ನು ತಿಳಿಯಲು ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಇತಿಹಾಸವನ್ನು ಗಮನಿಸಬಹುದು. ಕೆನಡಾದ ಎಇಸಿಎಲ್ ಸಂಸ್ಥೆ ತಯಾರಿಸಿದ ಈ ಯಂತ್ರದಿಂದ 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳು ಮಿತಿಮೀರಿದ ವಿಕಿರಣಕ್ಕೆ ಒಳಗಾದರು. ಕೆಲವರು ಅದರಿಂದಲೇ ಮೃತರಾದರು. ಹಿಂದಿನ ಮಾದರಿಯಲ್ಲಿದ್ದ ಯಾಂತ್ರಿಕ ರಕ್ಷಣೆಗಳನ್ನು ಕೈಬಿಟ್ಟು, ಆ ಹೊಣೆಯನ್ನು ತಂತ್ರಾಂಶಕ್ಕೆ ವಹಿಸಲಾಗಿತ್ತು. 1986ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಟೈಲರ್ ನಗರದಲ್ಲಿ ಅವಘಡ ನಡೆದಾಗ ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂಬ ಸೂಚನೆ ಮೂಡಿತು. ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ಅದರ ವಿವರಣೆ ಇರಲಿಲ್ಲ. ನಿರ್ವಹಣಾ ಕೈಪಿಡಿಯಲ್ಲಿ ಇಂತಹ ದೋಷಸಂಖ್ಯೆಗಳ ಪಟ್ಟಿಯಿತ್ತೇ ಹೊರತು ಅರ್ಥವಿರಲಿಲ್ಲ. ನೀಡಿದ ವಿಕಿರಣವು ಅತಿಯಾಗಿರಬಹುದು ಅಥವಾ ಕಡಿಮೆಯಾಗಿರಬಹುದು ಎಂಬುದು ಆ ಸಂಖ್ಯೆಯ ನಿಜವಾದ ಇಂಗಿತವಾಗಿತ್ತು. ಇದನ್ನರಿಯದ ನಿರ್ವಾಹಕರು ಮುಂದುವರಿಯುವ ಗುಂಡಿಯನ್ನೊತ್ತಿದರು. ಪರಿಶೀಲನೆಯ ನಂತರ ಯಂತ್ರವು ಮತ್ತೆ ಬಳಕೆಗೆ ಬಂತು. ಏಪ್ರಿಲ್‌ನಲ್ಲಿ ಅದೇ ಆಸ್ಪತ್ರೆಯಲ್ಲಿ ಎರಡನೆಯ ಅವಘಡ ಸಂಭವಿಸಿತು. ಅತಿವಿಕಿರಣ ಅಸಾಧ್ಯವೆಂಬ ತಯಾರಕರ ಭರವಸೆಯನ್ನು ಒಪ್ಪದೆ, ದೋಷವನ್ನು ಮತ್ತೆ ಮತ್ತೆ ಉಂಟುಮಾಡಿ ತೋರಿಸಿದವರು ಅಲ್ಲಿಯ ಭೌತವಿಜ್ಞಾನಿ ಮತ್ತು ನಿರ್ವಾಹಕರು. ವಿವರಗಳನ್ನು ವೇಗವಾಗಿ ತಿದ್ದಿದಾಗ ದೋಷ ಪ್ರಕಟವಾಗುತ್ತಿತ್ತು.

ತಂತ್ರಾಂಶದ ತಪ್ಪನ್ನು ಕೈಪಿಡಿಯ ಲೇಖಕ ತಿದ್ದಲಾರನೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ‘ಈ ಸಂಖ್ಯೆಯ ಅರ್ಥವೇನು? ಇದು ಕಂಡಾಗ ನಿರ್ವಾಹಕ ಏನು ಮಾಡಬೇಕು?’ ಎಂಬ ಪ್ರಶ್ನೆಗಳು ಲೇಖಕನ ಅಧಿಕಾರದೊಳಗೇ ಇವೆ. ಅವುಗಳಿಗೆ ಉತ್ತರ ದೊರೆಯದಿದ್ದರೆ, ಉತ್ತರವಿಲ್ಲವೆಂಬುದೇ ಮಹತ್ವದ ಮಾಹಿತಿಯಾಗುತ್ತದೆ. ಇಲ್ಲಿ ಪಠ್ಯದ ದೋಷವಿದ್ದದ್ದು ಅದು ಹೇಳಿದ ಮಾತಿನಲ್ಲಲ್ಲ, ಅದರ ಮೌನದಲ್ಲಿ.

ಎಲ್ಲವನ್ನೂ ಅನುಮಾನಿಸಿ ಪುಟದ ತುಂಬ ಎಚ್ಚರಿಕೆಗಳನ್ನು ಪೇರಿಸುವುದು ಆರೋಗ್ಯಕರ ಸಂಶಯವಲ್ಲ. ಅಂತಹ ಪುಟವನ್ನು ಯಾರೂ ಓದುವುದಿಲ್ಲ. ಹೇಳಿಕೆಯ ಆಧಾರವನ್ನು ಕೇಳುವುದು, ಸಾಧ್ಯವಾದರೆ ಸ್ವತಃ ಪ್ರಯೋಗಿಸಿ ನೋಡುವುದು, ಹೇಳಿಕೆ ತಪ್ಪಾದರೆ ಯಾರಿಗೆ ಹಾನಿಯೆಂದು ಯೋಚಿಸುವುದು, ಈ ಮೂರರಲ್ಲಿ ಅದರ ವಿವೇಕವಿದೆ. ಇಂಗ್ಲಿಷ್ ಕೈಪಿಡಿಗಳನ್ನು ಕನ್ನಡಕ್ಕೆ ತರುವವರಿಗೂ ಈ ಮಾತು ಅನ್ವಯಿಸುತ್ತದೆ. ಅರ್ಥವಾಗದ ವಾಕ್ಯವನ್ನು ಪದಕ್ಕೆ ಪದವಿಟ್ಟು ದಾಟಿಸಿದಾಗ ಮೂಲದ ಮೌನವೂ ಅನುವಾದಗೊಳ್ಳುತ್ತದೆ. ಓದುಗನು ಪಠ್ಯವನ್ನು ನಂಬಿ ಯಂತ್ರವನ್ನು ಮುಟ್ಟುತ್ತಾನೆ. ಅವನು ಪಡಬೇಕಾದ ಸಂಶಯವನ್ನು ಅವನಿಗಿಂತ ಮೊದಲು ಪಡುವುದು ಲೇಖಕನ ಹೊಣೆ.